ನಿಘಂಟುಕಾರ ಕಿಟ್ಟೆಲರು

ಓದುವಾಗ ಅರಿಯದ ಪದವೊಂದು ಎದುರಾದರೆ ನಾವು ನಿಘಂಟನ್ನು ತೆರೆಯುತ್ತೇವೆ. ಅರ್ಥ ದೊರೆತೊಡನೆ ಮುಚ್ಚಿಡುತ್ತೇವೆ. ಆ ಪದವನ್ನು ಅಲ್ಲಿ ತಂದಿರಿಸಿದವರಾರೆಂದು ಯೋಚಿಸುವುದು ವಿರಳ. ಕನ್ನಡಿಗರಾದ ನಾವು ಈ ವಿಷಯದಲ್ಲಿ ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲರಿಗೆ ಬಹಳ ಋಣಿಗಳು.

ಕಿಟ್ಟೆಲರು 1832ರ ಏಪ್ರಿಲ್ 7ರಂದು ಜರ್ಮನಿಯ ರೆಸ್ಟರ್‌ಹಾಫೆ ಎಂಬ ಊರಿನಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದರು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮಿಷನ್ನಿನಲ್ಲಿ ಶಿಕ್ಷಣ ಪಡೆದು 1853ರಲ್ಲಿ ಭಾರತಕ್ಕೆ ಬಂದರು. ಧಾರವಾಡ, ಮಂಗಳೂರು, ಮಡಿಕೇರಿಗಳು ಅವರ ಕಾರ್ಯಕ್ಷೇತ್ರಗಳಾದವು. ಬಂದ ಉದ್ದೇಶ ಧರ್ಮಪ್ರಚಾರ. ಆದರೆ ಜನರ ನುಡಿಯನ್ನು ಕಲಿಯತೊಡಗಿದವರಿಗೆ ಆ ನುಡಿಯೇ ಜೀವನದ ವ್ರತವಾಯಿತು. 1864ರಲ್ಲಿ ಪತ್ನಿ ಪೌಲೀನ್ ತೀರಿಕೊಂಡರು. ಆ ದುಃಖದ ನಡುವೆಯೂ ವ್ಯಾಸಂಗ ನಿಲ್ಲಲಿಲ್ಲ.

ಹಳಗನ್ನಡವನ್ನರಿಯದೆ ನಿಘಂಟನ್ನು ರಚಿಸಲಾಗದೆಂದು ತಿಳಿದ ಅವರು ಪ್ರಾಚೀನ ಗ್ರಂಥಗಳನ್ನು ಆಳವಾಗಿ ಅಭ್ಯಸಿಸಿದರು. ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿಯೂ, ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿಯೂ ಸಂಪಾದಿಸಿ ಪ್ರಕಟಿಸಿದರು. ಕಾವ್ಯದ ಪದಗಳೊಡನೆ ಜನರ ಆಡುಮಾತನ್ನೂ ಗಾದೆಗಳನ್ನೂ ಸಂಗ್ರಹಿಸಿದರು. ಒಂದೊಂದು ಪದಕ್ಕೂ ಅರ್ಥ ಕೊಟ್ಟು, ಅದರ ಬಳಕೆಯನ್ನು ತೋರಿಸಿ, ತಮಿಳು, ತೆಲುಗು, ಮಲಯಾಳ, ತುಳುಗಳಲ್ಲಿರುವ ಸೋದರ ಪದಗಳನ್ನೂ ಗುರುತಿಸಿದರು. ಯಂತ್ರಸಹಾಯವಿಲ್ಲದ ಆ ಕಾಲದಲ್ಲಿ ಇದೆಲ್ಲವೂ ಕೈಬರಹದ ಕೆಲಸವೇ ಆಗಿತ್ತು.

ಹೀಗೆ ದಶಕಗಳ ಪರಿಶ್ರಮದ ಫಲವಾಗಿ 1894ರಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದಿತು. ಸುಮಾರು 70,000 ಪದಗಳು. 1,700ಕ್ಕೂ ಮಿಗಿಲಾದ ಪುಟಗಳು! ಅಷ್ಟರಲ್ಲಿ ಕಿಟ್ಟೆಲರ ಆರೋಗ್ಯ ಕುಂದಿತ್ತು. ಅವರು ಜರ್ಮನಿಗೆ ಮರಳಿದ್ದರು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು. ವಿಶ್ರಾಂತಿಯ ಆ ವಯಸ್ಸಿನಲ್ಲಿಯೂ ಅವರು ಕನ್ನಡ ವ್ಯಾಕರಣವೊಂದನ್ನು ಬರೆದರು. ಅದು 1903ರಲ್ಲಿ ಪ್ರಕಟವಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಟ್ಯೂಬಿಂಗೆನ್ನಿನಲ್ಲಿ ಅವರು ಕಾಲವಾದರು.

ಮಹಾಪೆಯ ಬೀದಿಗಳಲ್ಲಿ ನಮ್ಮ ಕಿವಿಗೆ ಬೀಳುವುದು ಹೆಚ್ಚಾಗಿ ಮರಾಠಿ ಮತ್ತು ಹಿಂದಿ. ಕನ್ನಡವು ನಮಗೆ ಮನೆಯಲ್ಲಿಯೂ ಶಾಲೆಯಲ್ಲಿಯೂ ಮಾತ್ರ ಉಳಿದಿದೆ. ಅಜ್ಜಿಯ ಬಾಯಿಂದ ಬರುವ ಊರಕಡೆಯ ಮಾತು ಪಠ್ಯಪುಸ್ತಕದಲ್ಲಿಲ್ಲವೆಂದು ನಾವು ನಾಚುವುದೂ ಉಂಟು. ಅಂತಹ ಮಾತುಗಳನ್ನೇ ದೂರದೇಶದಿಂದ ಬಂದ ವಿದ್ವಾಂಸರೊಬ್ಬರು ಆದರದಿಂದ ಕೇಳಿ ಬರೆದಿಟ್ಟುಕೊಂಡರು. ನಾವು ಕೇಳದೆ ಬಿಟ್ಟ ಪದ ಅಜ್ಜಿಯೊಡನೆಯೇ ಮರೆಯಾದೀತು. ಆದುದರಿಂದ ನಮ್ಮ ಟಿಪ್ಪಣಿ ಪುಸ್ತಕದ ಕೊನೆಯ ಹಾಳೆಗಳನ್ನು ಅಂತಹ ಪದಗಳಿಗಾಗಿ ಮೀಸಲಿಡೋಣ. ಕಿಟ್ಟೆಲರನ್ನು ನೆನೆಯಲು ಇದಕ್ಕಿಂತ ಉಚಿತವಾದ ಬಗೆಯಿಲ್ಲ.