ಸಂತ ಬರ್ನದೆತ್ತಳ ಜಪಸರ

ಲೂರ್ದುಮಾತೆಯ ಗವಿಯ ಮಾದರಿಗಳು ನಮ್ಮ ನಾಡಿನ ಎಷ್ಟೋ ದೇವಾಲಯಗಳ ಅಂಗಳದಲ್ಲಿ ಕಾಣಬರುತ್ತವೆ. ಅಲ್ಲಿ ಜಪಸರ ಹಿಡಿದು ಮೊಣಕಾಲೂರಿರುವ ಬಾಲಿಕೆಯನ್ನು ನೋಡದವರು ವಿರಳ. ಆದರೆ ಆ ಬಾಲಿಕೆಯು ಹದಿನಾಲ್ಕನೆಯ ವಯಸ್ಸಿನಲ್ಲಿಯೂ ಓದುಬರಹವನ್ನರಿಯದವಳಾಗಿದ್ದಳೆಂದು ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಹೇಳುವುದು ವಿಚಿತ್ರವಾಗಿ ತೋರಬಹುದು.

ಬರ್ನದೆತ್ತ ಸುಬಿರೂ ಫ್ರಾನ್ಸ್ ದೇಶದ ಪಿರನೀಸ್ ಪರ್ವತಗಳ ಬುಡದಲ್ಲಿರುವ ಲೂರ್ದು ಪಟ್ಟಣದಲ್ಲಿ 1844ನೆಯ ಇಸವಿ ಜನವರಿ 7ರಂದು ಜನಿಸಿದಳು. ತಂದೆಯು ಹಿಟ್ಟಿನ ಗಿರಣಿಯನ್ನು ನಡೆಸುತ್ತಿದ್ದನು. ಗಿರಣಿಯು ಕೈಬಿಟ್ಟುಹೋಗಿ, ಬಡತನವು ಬಲಿತು, 1857ರಲ್ಲಿ ಆರು ಮಂದಿಯ ಆ ಕುಟುಂಬವು ಹಳೆಯ ಸೆರೆಮನೆಯೊಂದರ ಕತ್ತಲೆಕೋಣೆಯಲ್ಲಿ ಬಿಡಾರ ಮಾಡಬೇಕಾಯಿತು. ಕಾಲರಾ ರೋಗದಿಂದ ಬದುಕಿ ಉಳಿದ ಹುಡುಗಿಯನ್ನು ಉಬ್ಬಸವು ಆಜೀವಪರ್ಯಂತ ಬಿಡಲಿಲ್ಲ.

ಬಾರ್ತ್ರೆಸ್ ಗ್ರಾಮದಲ್ಲಿ ಆಕೆಯು ಕುರಿ ಕಾಯುತ್ತಿದ್ದಾಗ ಸಾಕುತಾಯಿಯು ಜ್ಞಾನೋಪದೇಶವನ್ನು ಬಾಯಿಪಾಠ ಮಾಡಿಸಲೆತ್ನಿಸಿದಳು. ಪುಸ್ತಕವು ಫ್ರೆಂಚ್ ಭಾಷೆಯದು. ಹುಡುಗಿಯ ಮನೆಮಾತು ಬೇರೆ. ಪಾಠವು ತಲೆಗೆ ಹತ್ತದೆ ಆಕೆಯು ದಡ್ಡಳೆನಿಸಿಕೊಂಡಳು. ತಪ್ಪು ಯಾರದೆಂಬುದನ್ನು ತಿಳಿಯದ ಭಾಷೆಯಲ್ಲಿ ಪಾಠ ಹೇಳಿಸಿಕೊಂಡ ಮಕ್ಕಳೇ ಬಲ್ಲರು! ಆಕೆಗೆ ಬರುತ್ತಿದ್ದುದು ಜಪಸರದ ಪ್ರಾರ್ಥನೆಗಳು. ಆಕೆಯಲ್ಲಿದ್ದುದು ಅಗ್ಗದ ಜಪಸರವೊಂದು.

1858ರ ಫೆಬ್ರವರಿ 11ರಂದು ತಂಗಿ ಮತ್ತು ಗೆಳತಿಯೊಡನೆ ಸೌದೆ ಆಯಲು ಹೋದ ಬರ್ನದೆತ್ತಳಿಗೆ ಮಸ್ಸಬಿಯೆಲ್ ಗವಿಯಲ್ಲಿ ಶ್ವೇತವಸ್ತ್ರಧಾರಿಣಿಯಾದ ಸ್ತ್ರೀಯೊಬ್ಬಳು ಕಾಣಿಸಿದಳು. ಭಯಗೊಂಡ ಹುಡುಗಿಯ ಕೈ ತಾನಾಗಿಯೇ ಜಪಸರಕ್ಕೆ ಹೋಯಿತು. ಶಿಲುಬೆಯ ಗುರುತು ಹಾಕಲು ಎತ್ತಿದ ಕೈ ಕೆಳಗೆ ಬಿದ್ದಿತು; ಆ ಸ್ತ್ರೀಯು ಗುರುತು ಹಾಕಿದ ಮೇಲೆಯೇ ಆಕೆಗೂ ಅದು ಸಾಧ್ಯವಾಯಿತು. ಜಪವು ನಡೆಯುತ್ತಿರಲು ಸ್ತ್ರೀಯು ತುಟಿ ಅಲುಗಿಸದೆ ತನ್ನ ಸರದ ಮಣಿಗಳನ್ನು ಬೆರಳುಗಳಲ್ಲಿ ಸರಿಸುತ್ತಿದ್ದಳು. ಜಪ ಮುಗಿಯುತ್ತಲೇ ಅದೃಶ್ಯಳಾದಳು.

ಜುಲೈ 16ರವರೆಗೆ ಹದಿನೆಂಟು ಸಾರಿ ಈ ದರ್ಶನವಾಯಿತು. ಪೊಲೀಸ್ ಅಧಿಕಾರಿಯ ವಿಚಾರಣೆ, ಜನಜಂಗುಳಿ, ಬುಗ್ಗೆಯ ವೃತ್ತಾಂತ ಇವೆಲ್ಲ ಪ್ರಸಿದ್ಧವೇ. ಹೆಚ್ಚು ಜನರರಿಯದ ಒಂದು ಸಂಗತಿಯುಂಟು. ಮಾರ್ಚಿ 1ರಂದು ಪರಿಚಿತಳಾದ ಹೆಂಗಸೊಬ್ಬಳು ತನ್ನ ಜಪಸರವನ್ನು ಕೊಟ್ಟು, ಗವಿಯಲ್ಲಿ ಅದರಿಂದಲೇ ಜಪಿಸಬೇಕೆಂದು ಬೇಡಿಕೊಂಡಳು. ಬರ್ನದೆತ್ತಳು ಒಪ್ಪಿದಳು. ದರ್ಶನದಲ್ಲಿ ಆ ಸ್ತ್ರೀಯು ಆಕೆಯ ಸ್ವಂತ ಜಪಸರವೆಲ್ಲಿ ಎಂದು ವಿಚಾರಿಸಲು, ಹುಡುಗಿಯು ಜೇಬಿನಿಂದ ತನ್ನದನ್ನೇ ತೆಗೆದು ಮೇಲಕ್ಕೆತ್ತಿ ತೋರಿಸಿದಳು.

1862ರ ಜನವರಿ 18ರಂದು ತಾರ್ಬಿನ ಬಿಷಪ್ಪರು ಈ ದರ್ಶನಗಳು ವಿಶ್ವಾಸಾರ್ಹವೆಂದು ಸಾರಿದರು. ಅಷ್ಟರೊಳಗೆ ಬರ್ನದೆತ್ತಳು ನೆವೇರಿನ ಕನ್ಯಾಸ್ತ್ರೀಯರ ಶಾಲೆಯಲ್ಲಿ ಓದುಬರಹವನ್ನು ಕಲಿತಿದ್ದಳು. 1866ರಲ್ಲಿ ಅವರ ಮಠವನ್ನೇ ಸೇರಿ, ರೋಗಿಗಳ ಶುಶ್ರೂಷೆ ಮಾಡಿ, ಕೊನೆಗೆ ತಾನೇ ರೋಗಿಯಾಗಿ ಮಲಗಿದಳು. ಅನೇಕರನ್ನು ಗುಣಪಡಿಸಿತೆಂಬ ಲೂರ್ದಿನ ಬುಗ್ಗೆಯು ಆಕೆಯ ಪಾಲಿಗೆ ಒದಗಲಿಲ್ಲ. ಅದಕ್ಕಾಗಿ ಆಕೆ ಗೊಣಗಲೂ ಇಲ್ಲ. ನಿದ್ದೆಯಿಲ್ಲದ ರಾತ್ರಿಗಳಲ್ಲಿ ಜಪಸರವು ಕೈಯಲ್ಲಿರುತ್ತಿತ್ತು. ಹಸುಳೆಯು ತಾಯನ್ನು ಕರೆಯುತ್ತಲೇ ನಿದ್ರಿಸುವಂತೆ ಜಪ ಮಾಡುತ್ತಲೇ ನಿದ್ರಿಸಿರೆಂದು ಸಹೋದರಿಯರಿಗೆ ಹೇಳುತ್ತಿದ್ದಳಂತೆ.

1879ರ ಏಪ್ರಿಲ್ 16ರಂದು, ತನ್ನ 35ನೆಯ ವಯಸ್ಸಿನಲ್ಲಿ, ನಮೋಮರಿಯಾ ಪ್ರಾರ್ಥನೆಯ ಉತ್ತರಾರ್ಧವನ್ನು ಉಚ್ಚರಿಸುತ್ತ, ತನ್ನನ್ನು ಬಡಪಾಪಿಯೆಂದು ಕರೆದುಕೊಳ್ಳುತ್ತ ಪ್ರಾಣಬಿಟ್ಟಳು. 1933ರ ಡಿಸೆಂಬರ್ 8ರಂದು ಹನ್ನೊಂದನೆಯ ಪಿಯೂಸ್ ಜಗದ್ಗುರುಗಳು ಆಕೆಯನ್ನು ಸಂತರ ಸಾಲಿಗೆ ಸೇರಿಸಿದರು. ಅದಕ್ಕೂ ಮುನ್ನ 1909ರಲ್ಲಿ ಸಮಾಧಿಯನ್ನು ತೆರೆದಾಗ ದೇಹವು ಕೊಳೆತಿರಲಿಲ್ಲ. ಕೈಯಲ್ಲಿದ್ದ ಜಪಸರವು ಮಾತ್ರ ತುಕ್ಕು ಹಿಡಿದಿತ್ತು.