ಕಮಲಾದೇವಿಯವರ ಮೊದಲ ಧೈರ್ಯ

ಜಯನಗರದ ನಮ್ಮ ಕಾಲೇಜಿನಲ್ಲಿ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಕಾದಂಬರಿಯನ್ನು ಪಾಠ ಹೇಳುತ್ತಿದ್ದೆ. ಬಾಲವಿಧವೆಯಾದ ಇಂದಿರೆ ವಿದ್ಯೆ ಕಲಿತು ಭಾಸ್ಕರರಾಯನ ಕೈಹಿಡಿಯುವ ಕಥೆ ಅದು; 1899ರಲ್ಲಿ ಮಂಗಳೂರಿನಲ್ಲಿ ಅಚ್ಚಾದದ್ದು. ಅಂಥ ವಿವಾಹ ಆ ನಾಡಿನಲ್ಲಿ ನಿಜವಾಗಿ ನಡೆದದ್ದುಂಟೇ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ನನಗೆ ಕೂಡಲೆ ನೆನಪಾದವರು ಕಮಲಾದೇವಿ ಚಟ್ಟೋಪಾಧ್ಯಾಯರು.

ಕಾದಂಬರಿ ಹೊರಬಂದ ನಾಲ್ಕು ವರ್ಷಕ್ಕೆ, 1903ರ ಏಪ್ರಿಲ್ 3ರಂದು, ಅದೇ ಮಂಗಳೂರಿನ ಸಾರಸ್ವತ ಮನೆತನವೊಂದರಲ್ಲಿ ಆಕೆ ಜನಿಸಿದರು. ಏಳರ ಎಳವೆಯಲ್ಲಿ ತಂದೆ ಅನಂತಯ್ಯ ಧಾರೇಶ್ವರರು ಉಯಿಲು ಬರೆದಿಡದೆ ತೀರಿಕೊಂಡರು. ಆಸ್ತಿ ಮೊದಲ ಹೆಂಡತಿಯ ಮಗನ ಪಾಲಾಯಿತು. ತಾಯಿ ಗಿರಿಜಾಬಾಯಿಯವರು ಅವನು ಕೊಡಬಂದ ಮಾಸಾಶನವನ್ನು ಒಲ್ಲೆನೆಂದರು. ಆ ಸ್ವಾಭಿಮಾನವೇ ಮಗಳಿಗೆ ಬಂದ ನಿಜವಾದ ಆಸ್ತಿ.

ಶಾಲೆಯಲ್ಲಿ ಓದುತ್ತಿದ್ದಾಗಲೇ ಕಮಲಾದೇವಿಯವರಿಗೆ ಮದುವೆಯಾಯಿತು. ಹದಿಹರೆಯ ಮುಗಿಯುವ ಮೊದಲೇ ವೈಧವ್ಯವೂ ಒದಗಿತು. ಅಂದಿನ ಸಮಾಜ ಇಂಥ ಬಾಲೆಯರಿಗೆ ತೋರುತ್ತಿದ್ದುದು ಮನೆಯ ಕತ್ತಲೆಯ ಮೂಲೆಯೊಂದನ್ನೇ. ಆಕೆ ಹೋದದ್ದು ಮದರಾಸಿನ ಕ್ವೀನ್ ಮೇರಿ ಕಾಲೇಜಿಗೆ. ಅಲ್ಲಿ ಪರಿಚಯವಾದವರು ಸರೋಜಿನಿ ನಾಯ್ಡು ಅವರ ತಂಗಿ ಸುಹಾಸಿನಿ. ಅವರ ಮೂಲಕ ಕಂಡವರು ಅಣ್ಣ ಹರೀಂದ್ರನಾಥರು.

ಹರೀಂದ್ರನಾಥರು ಆಕೆಗಿಂತ ಐದು ವರ್ಷ ಹಿರಿಯರು. 1918ರಲ್ಲಿಯೇ ಕವನಸಂಕಲನ ಪ್ರಕಟಿಸಿ ಹೆಸರಾಗಿದ್ದ ಕವಿ. ಇಬ್ಬರನ್ನೂ ಹತ್ತಿರ ತಂದದ್ದು ನಾಟಕ, ಸಂಗೀತಗಳ ಮೇಲಿನ ಪ್ರೀತಿ. ಸ್ನೇಹವು ಅನುರಾಗವಾಯಿತು. ವಿಧವಾವಿವಾಹಕ್ಕೆ 1856ರ ಕಾಯಿದೆ ಎಂದೋ ಸಮ್ಮತಿಯಿತ್ತಿತ್ತು. ಸಮ್ಮತಿಸದೆ ಉಳಿದದ್ದು ಸಮಾಜ. ವಧು ವಿಧವೆ, ವರನೋ ಬೇರೆ ಭಾಷೆಯ, ಬೇರೆ ಸಮುದಾಯದ ಬಂಗಾಳಿ. ಕರ್ಮಠರ ವಿರೋಧವನ್ನು ಲೆಕ್ಕಿಸದೆ ಅವರು ಮದುವೆಯಾದರು.

ಮುಂದಿನದು ನಾಡು ಬಲ್ಲ ಕಥೆ. ಲಂಡನ್ನಿನಲ್ಲಿ ಓದುತ್ತಿದ್ದ ಆಕೆ 1923ರಲ್ಲಿ ಸ್ವದೇಶಕ್ಕೆ ಮರಳಿ ಗಾಂಧೀಜಿಯ ಚಳವಳಿಯನ್ನು ಸೇರಿದರು. 1926ರಲ್ಲಿ ಮದರಾಸು ಶಾಸನಸಭೆಗೆ ಸ್ಪರ್ಧಿಸಿ ಅಲ್ಪ ಮತಗಳಿಂದ ಸೋತರು. 1930ರಲ್ಲಿ ಉಪ್ಪಿನ ಸತ್ಯಾಗ್ರಹದ ಮುಂಚೂಣಿಯಲ್ಲಿ ನಿಂತರು. ಆಕೆ 1988ರಲ್ಲಿ ನಿಧನರಾದಾಗ ಈ ದೇಶದ ನೇಕಾರರೂ ಕುಶಲಕರ್ಮಿಗಳೂ ತಮ್ಮ ಹಿರಿಯಕ್ಕನನ್ನು ಕಳೆದುಕೊಂಡರು.

ಆದರೆ ಒಲಿದು ಕೂಡಿದ ಆ ದಾಂಪತ್ಯ ಕೊನೆತನಕ ಉಳಿಯಲಿಲ್ಲ. ವಿಚ್ಛೇದನವನ್ನು ಕೋರಿದವರೂ ಕಮಲಾದೇವಿಯವರೇ. ಇದನ್ನು ಹೇಳಿದಾಗ ವಿದ್ಯಾರ್ಥಿನಿಯ ಮುಖ ಬಾಡಿತು. ಹಾಗಾದರೆ ಆ ಪ್ರೀತಿ ಸೋತಂತೆಯೇ ಎಂಬುದು ಅವಳ ಮೌನದ ಪ್ರಶ್ನೆ. ಕಾದಂಬರಿಯ ಇಂದಿರೆಗೆ ಸುಖಾಂತ್ಯವುಂಟು. ಬಾಳಿಗೆ ಆ ಅನುಕೂಲವಿಲ್ಲ. ನಾನು ಅವಳಿಗೆ ಹೇಳಿದ್ದು ಇಷ್ಟೇ: ಮುಂದೆ ಸರಕಾರದ ಕಾನೂನನ್ನು ಮುರಿದ ಆ ಕೈ ಮೊದಲು ಮುರಿದದ್ದು ಮನೆಯ ಕಟ್ಟಳೆಯನ್ನು. ಒಲವು ಬಾಳಿದ್ದು ಎಷ್ಟು ಕಾಲವೋ ಇರಲಿ, ಅದು ಕಲಿಸಿದ ಧೈರ್ಯ ಆಯುಷ್ಯದುದ್ದಕ್ಕೂ ಬಾಳಿತು.