ಎನ್ಜೊ ಫೆರಾರಿ

ಇಟಲಿ ದೇಶದ ಮೊಡೆನಾ ನಗರದಲ್ಲಿ 1898ರಲ್ಲಿ ಎನ್ಜೊ ಫೆರಾರಿ ಜನಿಸಿದನು. 1916ರಲ್ಲಿ ಅವನ ತಂದೆಯೂ ಅಣ್ಣನೂ ತೀರಿಕೊಂಡರು. ಆಸರೆ ತಪ್ಪಿದರೂ ಆ ತರುಣನು ಧೃತಿಗೆಡಲಿಲ್ಲ. ಯುದ್ಧ ಮುಗಿದ ಬಳಿಕ ಅವನು ಕಾರು ಪಂದ್ಯಗಳ ಚಾಲಕನಾದನು.

1923ರಲ್ಲಿ ರಾವೆನ್ನಾದ ಬಳಿ ನಡೆದ ಪಂದ್ಯವೊಂದರಲ್ಲಿ ಎನ್ಜೊ ಜಯಶಾಲಿಯಾದನು. ಆ ಗೆಲುವಿನಿಂದ ಅವನಿಗೆ ವಿಮಾನಯೋಧ ಫ್ರಾಂಚೆಸ್ಕೊ ಬರಾಕಾನ ತಂದೆತಾಯಿಗಳ ಪರಿಚಯವಾಯಿತು. ಬರಾಕಾ 1918ರಲ್ಲಿ ರಣರಂಗದಲ್ಲಿ ಮಡಿದಿದ್ದನು. ಅವನ ವಿಮಾನದ ಮೇಲೆ ಹಿಂಗಾಲುಗಳಲ್ಲಿ ನಿಂತು ನೆಗೆಯುವ ಕುದುರೆಯ ಚಿತ್ರವಿತ್ತು. ಅದನ್ನು ಶುಭಸಂಕೇತವಾಗಿ ಕಾರಿನ ಮೇಲೆ ಧರಿಸುವಂತೆ ಆ ವೀರನ ತಾಯಿ ಎನ್ಜೊಗೆ ಸೂಚಿಸಿದಳು. ತನ್ನೂರಾದ ಮೊಡೆನಾದ ಹಳದಿ ಬಣ್ಣವನ್ನು ಹಿನ್ನೆಲೆಯಾಗಿಸಿ, 1932ರಿಂದ ಅವನು ಆ ಕಪ್ಪು ಕುದುರೆಯನ್ನು ತನ್ನ ತಂಡದ ಕಾರುಗಳಿಗೆ ಲಾಂಛನವಾಗಿ ಬಳಸಿದನು.

ಆಗ ಅವನ ತಂಡವು ಓಡಿಸುತ್ತಿದ್ದುದು ಆಲ್ಫಾ ರೋಮಿಯೊ ಕಂಪನಿಯ ಕಾರುಗಳನ್ನು. 1939ರಲ್ಲಿ ಆ ಕಂಪನಿಯನ್ನು ತೊರೆದಾಗ, ನಾಲ್ಕು ವರ್ಷ ಪಂದ್ಯಗಳಲ್ಲಿ ತನ್ನ ಹೆಸರನ್ನು ಬಳಸಬಾರದೆಂಬ ಕರಾರಿಗೆ ಅವನು ಬದ್ಧನಾಗಬೇಕಾಯಿತು. ಆದುದರಿಂದ 1940ರಲ್ಲಿ ನಿರ್ಮಿಸಿದ ಕಾರಿಗೆ 815 ಎಂಬ ಅಂಕಿಯೇ ಹೆಸರಾಯಿತು. ಎಂಟು ಸಿಲಿಂಡರುಗಳು, ಒಂದೂವರೆ ಲೀಟರಿನ ಎಂಜಿನ್ ಎಂಬುದು ಅದರ ಅರ್ಥ.

1947ರಲ್ಲಿ ಅವನ ಸ್ವಂತ ಹೆಸರನ್ನು ಹೊತ್ತ ಮೊದಲನೆಯ ಕಾರು ಮರನೆಲ್ಲೊ ಕಾರ್ಖಾನೆಯಿಂದ ಹೊರಬಂದಿತು. ಅದರ ಸಂಖ್ಯೆ 125. ಹನ್ನೆರಡು ಸಿಲಿಂಡರುಗಳಲ್ಲಿ ಪ್ರತಿಯೊಂದರ ಗಾತ್ರ ಸುಮಾರು 125 ಘನ ಸೆಂಟಿಮೀಟರ್ ಆಗಿದ್ದುದೇ ಈ ಹೆಸರಿಗೆ ಕಾರಣ.

ಎನ್ಜೊನ ಮಗ ಆಲ್ಫ್ರೆಡೊ, ಮನೆಯವರ ಪ್ರೀತಿಯ ಡಿನೊ, ಸ್ನಾಯುಗಳನ್ನು ಕ್ಷೀಣಗೊಳಿಸುವ ಕಾಯಿಲೆಗೆ ತುತ್ತಾಗಿದ್ದನು. ರೋಗಶಯ್ಯೆಯಲ್ಲಿಯೂ ಅವನು ಆರು ಸಿಲಿಂಡರುಗಳ ಹೊಸ ಎಂಜಿನ್ನಿನ ಕುರಿತು ತಂದೆಯೊಡನೆ ಚರ್ಚಿಸುತ್ತಿದ್ದನು. 1956ರಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಅವನು ಅಸುನೀಗಿದನು. ಲೆಕ್ಕಾಚಾರದ ಅಂಕಿಗಳಿಂದಲೇ ಕಾರುಗಳನ್ನು ಹೆಸರಿಸುತ್ತಿದ್ದ ತಂದೆಯು ಆ ಬಗೆಯ ಎಂಜಿನ್ನಿನ ಕಾರುಗಳಿಗೆ ಮಗನ ಹೆಸರನ್ನಿಟ್ಟನು. 1958ರಲ್ಲಿ ಡಿನೊ 246 ಕಾರನ್ನು ಓಡಿಸಿದ ಇಂಗ್ಲೆಂಡಿನ ಮೈಕ್ ಹಾಥಾರ್ನ್ ವಿಶ್ವ ಚಾಂಪಿಯನ್ ಆದನು. ಮುಂದೆ ರಸ್ತೆಗಿಳಿದ ಡಿನೊ ಕಾರುಗಳ ಮೂತಿಯ ಮೇಲೆ ಪ್ರಸಿದ್ಧವಾದ ಕುದುರೆ ಇರಲಿಲ್ಲ. ಅಲ್ಲಿ ಮಗನ ಹೆಸರೊಂದೇ ಇದ್ದಿತು.

1988ರಲ್ಲಿ, ತೊಂಬತ್ತನೆಯ ವಯಸ್ಸಿನಲ್ಲಿ, ಎನ್ಜೊ ನಿಧನನಾದನು. ಅಪರಿಚಿತ ತಾಯಿಯೊಬ್ಬಳ ಮಗನ ಗುರುತನ್ನೂ ತನ್ನ ಮಗನ ಹೆಸರನ್ನೂ ಅವನು ಲೋಕದ ನೆನಪಿನಲ್ಲಿ ಉಳಿಸಿ ಹೋದನು.